ಕ್ಲೌಡ್ ಆಧಾರಿತ ವಿಪತ್ತು ಚೇತರಿಕೆಯಲ್ಲಿ ಭದ್ರತೆ ಮತ್ತು ಖಾಸಗಿತನ

ಕ್ಲೌಡ್ ಆಧಾರಿತ ವಿಪತ್ತು ಚೇತರಿಕೆ ಎಂದರೆ ಒಂದು ಸಂಸ್ಥೆಯ ದತ್ತಾಂಶ ಮತ್ತು ತಂತ್ರಾಂಶಗಳ ಪ್ರತಿಯನ್ನು ಅಂತರಜಾಲದ ಮೂಲಕ ದೂರದ ದತ್ತಾಂಶ ಕೇಂದ್ರದಲ್ಲಿ ಇರಿಸಿ, ಬೆಂಕಿ, ನೆರೆ, ಭೂಕಂಪ, ಯಂತ್ರದೋಷ ಅಥವಾ ಸೈಬರ್ ದಾಳಿಯಿಂದ ಮೂಲ ವ್ಯವಸ್ಥೆ ನಿಂತುಹೋದಾಗ ಆ ಪ್ರತಿಯಿಂದ ಕೆಲಸವನ್ನು ಮತ್ತೆ ಆರಂಭಿಸುವ ಏರ್ಪಾಡು. ಇದು ಕೇವಲ ದತ್ತಾಂಶದ ನಕಲು, ಅಂದರೆ ಬ್ಯಾಕಪ್, ಅಲ್ಲ. ನಕಲಿನ ಜೊತೆಗೆ ಅದನ್ನು ನಡೆಸಬಲ್ಲ ಸರ್ವರ್, ಜಾಲ ಮತ್ತು ಬಳಕೆದಾರರ ಪ್ರವೇಶ ವ್ಯವಸ್ಥೆಯೂ ಇದರಲ್ಲಿ ಸೇರುತ್ತವೆ.

ನಷ್ಟದಿಂದ ಪಾರಾಗಲು ದಾಖಲೆಯ ಪ್ರತಿಗಳನ್ನು ಹೆಚ್ಚಿಸಬೇಕು. ಆದರೆ ಪ್ರತಿಗಳು ಹೆಚ್ಚಿದಷ್ಟೂ ಅವು ಕಳವಾಗುವ ದಾರಿಗಳೂ ಹೆಚ್ಚುತ್ತವೆ. ಈ ವಿಷಯದ ಬಹುತೇಕ ಸಮಸ್ಯೆಗಳು ಇಲ್ಲಿಂದಲೇ ಹುಟ್ಟುತ್ತವೆ. ಮೂಲ ದಾಖಲೆಗೆ ತೊಡಿಸಿದ ರಕ್ಷಣೆ ಅದರ ಪ್ರತಿಗೆ ತಾನಾಗಿಯೇ ಅಂಟಿಕೊಳ್ಳುವುದಿಲ್ಲ. ಪ್ರತಿಯೊಂದು ನಕಲಿಗೂ ಅದನ್ನು ಪ್ರತ್ಯೇಕವಾಗಿ ಒದಗಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಭೂದಾಖಲೆಗಳಿಗಿಂತ ಉತ್ತಮವಾದ ಉದಾಹರಣೆ ಸಿಗುವುದು ಕಷ್ಟ.

ಹಿನ್ನೆಲೆ

ಗಣಕಯಂತ್ರಗಳು ಬರುವ ಮೊದಲು ಹಳ್ಳಿಯ ಜಮೀನಿನ ಲೆಕ್ಕ ಒಬ್ಬ ವ್ಯಕ್ತಿಯ ಕೈಯಲ್ಲಿರುತ್ತಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ಆತ ಶಾನುಭೋಗ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ ಸೀಮೆಯಲ್ಲಿ ಪಟವಾರಿ ಅಥವಾ ಕುಲಕರ್ಣಿ. ಆತನ ದಫ್ತರಕ್ಕೆ ಗೆದ್ದಲು ಹಿಡಿದರೆ, ಮಾಡು ಸೋರಿದರೆ, ಅಥವಾ ಆತನೇ ಒಂದು ಹೆಸರನ್ನು ತಿದ್ದಿದರೆ ರೈತನಿಗೆ ಬೇರೆ ಆಧಾರವಿರುತ್ತಿರಲಿಲ್ಲ. ಕಲಬುರಗಿ ಸೀಮೆಯ ಹಳೆಯ ಕಂದಾಯ ಕಾಗದಗಳು ಬಹುಪಾಲು ಉರ್ದುವಿನಲ್ಲಿದ್ದುದರಿಂದ ಅವುಗಳನ್ನು ಓದಬಲ್ಲವರು ಕಡಿಮೆಯಾದಂತೆಲ್ಲ ಮೂಲ ಪ್ರತಿಯ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚಿತು.

ಭೂಮಿ ಯೋಜನೆ ಈ ಸ್ಥಿತಿಯನ್ನು ಬದಲಾಯಿಸಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಹರಡಿಕೊಂಡಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಅಂದಿನ 177 ತಾಲ್ಲೂಕುಗಳಲ್ಲಿ ಗಣಕೀಕರಿಸಲಾಯಿತು. 2000ದ ದಶಕದ ಆರಂಭದಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ತಾಲ್ಲೂಕು ಕಚೇರಿಯಲ್ಲಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆಯನ್ನು ತಿದ್ದುವ ಅಧಿಕಾರಿ ಗುಪ್ತಪದದ ಬದಲು ಬೆರಳಚ್ಚು ಕೊಟ್ಟು ಒಳಹೋಗಬೇಕೆಂಬ ನಿಯಮ ಆ ಕಾಲಕ್ಕೆ ಮುಂಚೂಣಿಯ ಭದ್ರತಾ ಕ್ರಮವಾಗಿತ್ತು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು ಎಂಬುದು ಅದರ ತರ್ಕ. ಎರಡು ದಶಕಗಳ ಬಳಿಕ ಇದೇ ರಾಜ್ಯದಲ್ಲಿ ಆ ತರ್ಕ ಹೇಗೆ ಸೋತಿತು ಎಂಬುದನ್ನು ಮುಂದೆ ನೋಡಬಹುದು.

ಆರಂಭದಲ್ಲಿ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಜಾಲ ಸಂಪರ್ಕ ಬೆಳೆದ ಮೇಲೆ ಅದು ಬೆಂಗಳೂರಿನ ಕೇಂದ್ರೀಕೃತ ವ್ಯವಸ್ಥೆಗೆ ಬಂದಿತು. ಇದರಿಂದ ತಾಲ್ಲೂಕು ಕಚೇರಿಗೆ ನೀರು ನುಗ್ಗಿದರೂ ಪಹಣಿ ಉಳಿಯುತ್ತದೆ. ಆದರೆ ಕೇಂದ್ರವೇ ನಿಂತರೆ ಇಡೀ ರಾಜ್ಯದ ಕೆಲಸ ನಿಲ್ಲುತ್ತದೆ. ದೂರದಲ್ಲಿ ಇನ್ನೊಂದು ಸಿದ್ಧ ಪ್ರತಿ ಇರಬೇಕೆಂಬ ಅಗತ್ಯ ಹುಟ್ಟುವುದು ಇಂಥಲ್ಲಿ. ಭಾರತ ಸರ್ಕಾರ 'ಮೇಘರಾಜ' ಎಂಬ ಹೆಸರಿನಲ್ಲಿ ಸರ್ಕಾರಿ ಕ್ಲೌಡ್ ನೀತಿಯನ್ನು 2013ರಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕ್ಲೌಡ್ ಸೇವೆ 2014ರಲ್ಲಿ ಆರಂಭವಾಯಿತು. ಸರ್ಕಾರಿ ಕೆಲಸಕ್ಕೆ ಅನುಮೋದನೆ ಪಡೆಯುವ ಖಾಸಗಿ ಕ್ಲೌಡ್ ಕಂಪನಿಗಳು ದತ್ತಾಂಶವನ್ನು ಭಾರತದೊಳಗೇ ಇಡಬೇಕೆಂಬ ಷರತ್ತಿದೆ.

ಕಾರ್ಯವಿಧಾನ

ಚೇತರಿಕೆಯ ಯೋಜನೆಯನ್ನು ಎರಡು ಅಳತೆಗಳಿಂದ ನಿರ್ಧರಿಸುತ್ತಾರೆ. ಕೆಲಸ ಎಷ್ಟು ಹೊತ್ತಿನೊಳಗೆ ಮತ್ತೆ ಆರಂಭವಾಗಬೇಕು ಎಂಬುದು ಮೊದಲನೆಯದು. ಇದನ್ನು ತಂತ್ರಜ್ಞರು ಆರ್‌ಟಿಒ ಎನ್ನುತ್ತಾರೆ (ವಾಹನ ನೋಂದಣಿಯ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ). ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ಸಹಿಸಬಹುದು ಎಂಬುದು ಎರಡನೆಯದು, ಇದು ಆರ್‌ಪಿಒ. ರಾತ್ರಿ ಹನ್ನೆರಡಕ್ಕೊಮ್ಮೆ ಮಾತ್ರ ಪ್ರತಿ ತೆಗೆಯುವ ಉಪನೋಂದಣಿ ಕಚೇರಿಯ ಸರ್ವರ್ ಸಂಜೆ ಐದಕ್ಕೆ ಕೆಟ್ಟರೆ ಆ ದಿನದ ಎಲ್ಲ ಕ್ರಯಪತ್ರಗಳು ಹೋದಂತೆ. ಅದೇ ದತ್ತಾಂಶ ಕ್ಷಣಕ್ಷಣವೂ ದೂರದ ಕೇಂದ್ರಕ್ಕೆ ನಕಲಾಗುತ್ತಿದ್ದರೆ ನಷ್ಟ ಕೆಲವೇ ಸೆಕೆಂಡುಗಳದ್ದು.

ಕ್ಷಣಕ್ಷಣದ ನಕಲಿಗೆ ಒಂದು ದೋಷವಿದೆ. ಯಾರಾದರೂ ಮೂಲದಲ್ಲಿ ದಾಖಲೆ ಅಳಿಸಿದರೆ ಅಥವಾ ಕೆಡಿಸಿದರೆ ಆ ಕೇಡೂ ಕ್ಷಣದಲ್ಲಿ ನಕಲಾಗುತ್ತದೆ. ಹೀಗಾಗಿ ತತ್‌ಕ್ಷಣದ ಪ್ರತಿಯ ಜೊತೆಗೆ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳಿನ ಪ್ರತಿಗಳನ್ನೂ ಬೇರೆಯಾಗಿ ಉಳಿಸಿಕೊಳ್ಳಬೇಕಾಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಿನಲ್ಲಿ ಎಂಬುದು ಈ ವೃತ್ತಿಯಲ್ಲಿ ರೂಢಿಯಾದ ಲೆಕ್ಕ.

ಕ್ಲೌಡ್ ಬರುವ ಮುನ್ನ ಇಂಥ ಎರಡನೆಯ ಕೇಂದ್ರವನ್ನು ಸ್ವಂತ ಹಣದಲ್ಲಿ ಕಟ್ಟಿ, ವರ್ಷವಿಡೀ ಖಾಲಿ ಇಟ್ಟುಕೊಳ್ಳಬೇಕಾಗಿತ್ತು. ಕ್ಲೌಡ್‌ನಲ್ಲಿ ದತ್ತಾಂಶದ ಸಂಗ್ರಹಕ್ಕಷ್ಟೇ ಸದಾ ಬಾಡಿಗೆ ತೆತ್ತು, ಸರ್ವರ್‌ಗಳನ್ನು ವಿಪತ್ತು ಬಂದಾಗ ಮಾತ್ರ ಎಬ್ಬಿಸಬಹುದು. ಸಣ್ಣ ಸಂಸ್ಥೆಗಳಿಗೂ ಈ ಸೌಲಭ್ಯ ಎಟುಕಿದ್ದು ಹೀಗೆ. ಅದರ ಬೆಲೆಯೆಂದರೆ ತಮ್ಮ ಗ್ರಾಹಕರ ಅಥವಾ ನಾಗರಿಕರ ಮಾಹಿತಿ ಮೂರನೆಯವರ ಯಂತ್ರದಲ್ಲಿ ಕೂರುತ್ತದೆ. ಕಟ್ಟಡ, ವಿದ್ಯುತ್ತು, ಯಂತ್ರಗಳ ಕಾವಲು ಕ್ಲೌಡ್ ಕಂಪನಿಯದು; ಯಾರಿಗೆ ಪ್ರವೇಶ, ಕೀಲಿ ಎಲ್ಲಿ, ಯಾವ ಕಡತ ಎಲ್ಲರಿಗೂ ಕಾಣುತ್ತದೆ ಎಂಬ ಹೊಣೆ ಬಾಡಿಗೆ ಪಡೆದವರದು. ಈ ಹೊಣೆಯ ಗೆರೆಯನ್ನು ಸರಿಯಾಗಿ ಓದಿಕೊಳ್ಳದೆ ಉಂಟಾದ ಸೋರಿಕೆಗಳು ಅನೇಕ.

ಪ್ರತಿಯ ಭದ್ರತೆ

ಎರಡು ಪ್ರತಿಗಳು ಒಂದೇ ಅಂಗಳದಲ್ಲಿದ್ದರೆ ಅವು ಎರಡಲ್ಲ, ಒಂದೇ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಬ್ಯಾಕಪ್ ಇದೆಯೆಂದು ನಂಬಿದ್ದ ಕೆಲವು ಗ್ರಾಹಕರಿಗೆ ಆ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತೆಂಬುದು ಗೊತ್ತಾಯಿತು. ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಯಿಂದ ಹೊತ್ತಿದ ಬೆಂಕಿ ಇನ್ನೂ ದೊಡ್ಡ ಪಾಠ. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಸಂಗ್ರಹದ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಗಾತ್ರ ತೀರ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗಿನ ಪ್ರತಿಯೇ ಇರಲಿಲ್ಲ. ಕ್ಲೌಡ್ ಎಂಬ ಹೆಸರು ಆಕಾಶದ್ದಾದರೂ ಅದು ಇರುವುದು ನೆಲದ ಮೇಲಿನ ಕಟ್ಟಡದಲ್ಲಿ.

ಬೆಂಕಿಗೆ ದುರುದ್ದೇಶವಿಲ್ಲ, ರ‍್ಯಾನ್ಸಮ್‌ವೇರ್ ದಾಳಿಗೆ ಇರುತ್ತದೆ. ದತ್ತಾಂಶವನ್ನು ಬೀಗ ಹಾಕಿ ಹಣ ಕೇಳುವ ಈ ದಾಳಿಕೋರರು ಒಳನುಗ್ಗಿದ ಮೇಲೆ ಮೊದಲು ಹುಡುಕುವುದು ಬ್ಯಾಕಪ್ ಪ್ರತಿಯನ್ನು. ಅದು ಉಳಿದರೆ ಹಣ ಕೊಡಬೇಕಾದ ಒತ್ತಡ ಕಡಿಮೆಯಾಗುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ 2022ರ ನವೆಂಬರ್ 23ರಂದು ಇಂಥ ದಾಳಿ ನಡೆದಾಗ ಹೊರರೋಗಿಗಳ ನೋಂದಣಿ ಹಲವು ದಿನ ಕಾಗದದ ಮೇಲೆ ಸಾಗಿತು. ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿದ್ದುದರಿಂದ ಇ-ಹಾಸ್ಪಿಟಲ್ ದತ್ತಾಂಶವನ್ನು ಮರಳಿ ಪಡೆಯಲಾಯಿತು. ನಿಗದಿತ ಅವಧಿಯವರೆಗೆ ಆಡಳಿತಾಧಿಕಾರಿಯೂ ಅಳಿಸಲಾಗದ, ತಿದ್ದಲಾಗದ ಪ್ರತಿಗಳನ್ನು ಈಗ ಕ್ಲೌಡ್ ಕಂಪನಿಗಳು ಒದಗಿಸುತ್ತವೆ.

ಮೂರನೆಯ ಅಪಾಯ ಸದ್ದಿಲ್ಲದ್ದು: ಮೂಲವನ್ನು ಮುಟ್ಟದೆ ಪ್ರತಿಯನ್ನಷ್ಟೇ ಕದಿಯುವುದು. ಗುಪ್ತಪದಗಳನ್ನು ಕಾಪಾಡುವುದೇ ವ್ಯವಹಾರವಾಗಿದ್ದ ಲಾಸ್ಟ್‌ಪಾಸ್ ಕಂಪನಿಯ ಗ್ರಾಹಕರ ದತ್ತಾಂಶ 2022ರಲ್ಲಿ ಕಳವಾದದ್ದು ಕ್ಲೌಡ್‌ನಲ್ಲಿಟ್ಟಿದ್ದ ಅದರ ಬ್ಯಾಕಪ್‌ನಿಂದ. ಕೀಲಿ ಬಲ್ಲ ಒಬ್ಬ ಎಂಜಿನಿಯರನ ಮನೆಯ ಗಣಕಯಂತ್ರದ ಮೂಲಕ ಕಳ್ಳರು ಒಳಹೊಕ್ಕಿದ್ದರು. ಗುಪ್ತಪದಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾರು ಯಾವ ಜಾಲತಾಣ ಬಳಸುತ್ತಾರೆ ಎಂಬ ವಿವರ ಗೂಢಲಿಪಿಯಲ್ಲಿರಲಿಲ್ಲ.

ಹೀಗಾಗಿ ಪ್ರತಿಯನ್ನು ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಗೂಢಲಿಪಿಗೆ ತಿರುಗಿಸುವುದು, ಮೊದಲ ಅಗತ್ಯ. ಸಾಗಣೆಯ ದಾರಿಯಲ್ಲಿಯೂ ಸಂಗ್ರಹದಲ್ಲಿಯೂ ಅದು ಗೂಢಲಿಪಿಯಲ್ಲಿರಬೇಕು. ಕೀಲಿಯನ್ನು ಪ್ರತಿಯ ಪಕ್ಕದಲ್ಲೇ ಇಟ್ಟರೆ ಬೀಗದಿಂದ ಪ್ರಯೋಜನವಿಲ್ಲ. ಕೀಲಿಯನ್ನು ಮೂಲ ಕೇಂದ್ರದಲ್ಲಿ ಮಾತ್ರ ಇಟ್ಟರೆ, ಮೂಲ ಕೇಂದ್ರ ಸುಟ್ಟ ದಿನ ಪ್ರತಿ ಸುರಕ್ಷಿತವಾಗಿದ್ದೂ ಯಾರಿಂದಲೂ ಓದಲಾಗದು. ಆದುದರಿಂದ ಕೀಲಿಗೂ ಬೇರೆಯದೇ ಆದ ಚೇತರಿಕೆ ಯೋಜನೆ ಬೇಕಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಈ ಅಂಶ ವಾಸ್ತವದಲ್ಲಿ ಇಡೀ ಏರ್ಪಾಡಿನ ಅತಿ ಕಠಿಣ ಭಾಗ.

ವಿಪತ್ತಿನ ಗಳಿಗೆಯೂ ಅಪಾಯದ್ದೇ. ಕೆಲಸ ಬೇಗ ಆರಂಭವಾಗಲೆಂದು ತುರ್ತಿನಲ್ಲಿ ಹಲವರಿಗೆ ಪೂರ್ಣ ಪ್ರವೇಶ ಕೊಡಲಾಗುತ್ತದೆ; ಎರಡನೆಯ ಕೇಂದ್ರದ ತಂತ್ರಾಂಶಕ್ಕೆ ಭದ್ರತಾ ತಿದ್ದುಪಡಿಗಳು ತಡವಾಗಿ ಬಂದಿರುತ್ತವೆ. ತುರ್ತು ಮುಗಿದ ಮೇಲೆ ಆ ಪ್ರವೇಶಗಳನ್ನು ಹಿಂಪಡೆಯಲು ಮರೆಯುವುದು ಸಾಮಾನ್ಯ.

ಖಾಸಗಿತನದ ಪ್ರಶ್ನೆ: ಕಾವೇರಿ ತಂತ್ರಾಂಶದ ಪ್ರಕರಣ

ಕರ್ನಾಟಕದಲ್ಲಿ ಆಸ್ತಿ ನೋಂದಣಿ ನಡೆಯುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ. ಅದರ ಹೊಸ ರೂಪ ಕಾವೇರಿ 2.0 ರಾಜ್ಯದಾದ್ಯಂತ ಜಾರಿಗೆ ಬಂದದ್ದು 2023ರಲ್ಲಿ. ಅದೇ ವರ್ಷ, ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಒಟಿಪಿಯೂ ಬಾರದೆ ಹಣ ಮಾಯವಾದ ದೂರುಗಳು ಬೆಂಗಳೂರಿನ ಪೊಲೀಸರಿಗೆ ಬಂದವು. ನೋಂದಾಯಿತ ಪತ್ರಗಳ ಆನ್‌ಲೈನ್ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಬಳಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ತೆಗೆದಿದ್ದರು. ಆ ವ್ಯವಸ್ಥೆಯಲ್ಲಿ ಹಣ ಪಡೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು. ಕಾಗದದ ಮೇಲಿನ ಬೆರಳಚ್ಚಿನಿಂದ ಕೃತಕ ಬೆರಳಚ್ಚನ್ನು ತಯಾರಿಸುವುದು ಕಷ್ಟವೇನಲ್ಲ. ನೆರೆಯ ತೆಲಂಗಾಣದಲ್ಲಿ 2018ರಲ್ಲಿಯೇ ನೋಂದಣಿ ಇಲಾಖೆಯ ಜಾಲತಾಣದ ಪತ್ರಗಳಿಂದ ಬೆರಳಚ್ಚು ತೆಗೆದು ಸಿಮ್ ಕಾರ್ಡುಗಳನ್ನು ಸಕ್ರಿಯಗೊಳಿಸಿದ ಪ್ರಕರಣ ಬೆಳಕಿಗೆ ಬಂದಿತ್ತು. ಎಚ್ಚರಿಕೆ ಐದು ವರ್ಷ ಮೊದಲೇ ಗಡಿಯಾಚೆ ಸಿಕ್ಕಿತ್ತು.

ಇಲ್ಲಿ ಯಾರೂ ಕಾನೂನು ಮೀರಿ ಪತ್ರಗಳನ್ನು ಬಹಿರಂಗಪಡಿಸಿದ್ದಲ್ಲ ಎಂಬುದು ಗಮನಾರ್ಹ. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳನ್ನು ನಕಲಿಸಿಡುವ 1ನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಮೋಸವನ್ನು ತಡೆಯಲು ಆ ಬಹಿರಂಗತೆ ಬೇಕು. ಪತ್ರದ ಮೇಲೆ ಭಾವಚಿತ್ರ ಮತ್ತು ಬೆರಳಚ್ಚು ಇರಬೇಕೆಂಬ 32-ಎ ಕಲಂ 2001ರ ತಿದ್ದುಪಡಿಯಿಂದ ಬಂದಿತು. ಅದರ ಉದ್ದೇಶವೂ ಮೋಸ ತಡೆಯುವುದೇ. ಉಪನೋಂದಣಿ ಕಚೇರಿಗೆ ಹೋಗಿ, ಗುಮಾಸ್ತನ ಮುಂದೆ ಕೂತು, ಒಂದೊಂದೇ ಪುಟ ನೋಡಬೇಕಾಗಿದ್ದ ಕಾಲದಲ್ಲಿ ಈ ಎರಡು ಕಲಮುಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಮನೆಯಲ್ಲೇ ಕುಳಿತು ನೂರಾರು ಪತ್ರಗಳನ್ನು ಇಳಿಸಿಕೊಳ್ಳಬಹುದಾದ, ಬೆರಳಚ್ಚೇ ಹಣದ ಕೀಲಿಯಾದ ಕಾಲದಲ್ಲಿ ಅವೇ ಕಲಮುಗಳು ಸೇರಿ ಕಳ್ಳತನಕ್ಕೆ ದಾರಿಯಾದವು.

ಬಳಿಕ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಮರೆಮಾಚುವ ಕ್ರಮ ಕೈಗೊಂಡಿತು. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವ ಸೌಲಭ್ಯವನ್ನು ಬಳಸಲು ಜನರಿಗೆ ಪೊಲೀಸರು ಸಲಹೆ ನೀಡಿದರು. ಜಾಲತಾಣದಲ್ಲಿ ಮರೆಮಾಚಿದ ಮಾತ್ರಕ್ಕೆ, ಅದಕ್ಕೂ ಮೊದಲು ಯಾರೋ ಇಳಿಸಿಕೊಂಡ ಪ್ರತಿಯಲ್ಲಿ ಅದು ಮರೆಯಾಗುವುದಿಲ್ಲ. ವಿಪತ್ತು ಚೇತರಿಕೆಯ ಪ್ರತಿಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಹಳೆಯ ಬ್ಯಾಕಪ್‌ನಿಂದ ಜಾಲತಾಣವನ್ನು ಎಬ್ಬಿಸಿದರೆ ಮರೆಮಾಚುವ ಮುನ್ನಿನ ಪುಟಗಳೇ ಮತ್ತೆ ಎದ್ದುಬರಬಹುದು. ಪ್ರತಿಯಿಂದ ಮರುಸ್ಥಾಪಿಸಿದ ಕೂಡಲೆ, ಸಾರ್ವಜನಿಕರಿಗೆ ತೆರೆಯುವ ಮೊದಲು, ನಡುವೆ ಆದ ಅಳಿಸುವಿಕೆ ಮತ್ತು ಮರೆಮಾಚುವಿಕೆಗಳನ್ನು ಮತ್ತೊಮ್ಮೆ ಅನ್ವಯಿಸುವುದು ಇದಕ್ಕೆ ಪರಿಹಾರ.

ಚೇತರಿಕೆಯ ಅಣಕು ಪರೀಕ್ಷೆಗಳಲ್ಲಿಯೂ ಖಾಸಗಿತನಕ್ಕೆ ಧಕ್ಕೆ ಒದಗುವುದುಂಟು. ಪರೀಕ್ಷೆ ಮಾಡದ ಯೋಜನೆಯನ್ನು ನಂಬುವಂತಿಲ್ಲ. ಆದರೆ ನಿಜವಾದ ಜನರ ದತ್ತಾಂಶದಿಂದ ಪರೀಕ್ಷೆ ನಡೆಸಿ, ಆ ಪ್ರತಿಯನ್ನು ಹೊರಗುತ್ತಿಗೆಯ ತಂತ್ರಜ್ಞರ ಯಂತ್ರಗಳಲ್ಲಿ ಬಿಟ್ಟುಹೋದರೆ ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ಪ್ರತಿ ಹುಟ್ಟಿದಂತಾಗುತ್ತದೆ. ಹೆಸರು, ಸಂಖ್ಯೆಗಳನ್ನು ಬದಲಿಸಿದ ದತ್ತಾಂಶ ಬಳಸುವುದು ಉತ್ತಮ ರೂಢಿ.

ಕಾವೇರಿಗೆ ಎರಡನೆಯ ಪೆಟ್ಟು ಬೇರೆ ಬಗೆಯದು. 2025ರ ಜನವರಿಯಲ್ಲಿ 62 ಖಾತೆಗಳಿಂದ, 14 ಐಪಿ ವಿಳಾಸಗಳ ಮೂಲಕ, ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳನ್ನು ಸುರಿದು ವ್ಯವಸ್ಥೆಯನ್ನು ಉಸಿರುಗಟ್ಟಿಸುವ ದಾಳಿ ನಡೆಯಿತೆಂದು ಸರ್ಕಾರ ತಿಳಿಸಿತು. ಫೆಬ್ರವರಿಯಲ್ಲಿ ಸೈಬರ್ ಅಪರಾಧ ಪ್ರಕರಣ ದಾಖಲಾಯಿತು. ನೋಂದಣಿಗೆ ದಿನ ಗೊತ್ತು ಮಾಡಿಕೊಂಡು, ಸಾಕ್ಷಿಗಳನ್ನು ಕರೆದುಕೊಂಡು ಬಂದವರು ಬರಿಗೈಯಲ್ಲಿ ಹಿಂತಿರುಗಬೇಕಾಯಿತು. ಇಂಥ ದಾಳಿಯಲ್ಲಿ ಪ್ರತಿಯಿದ್ದರೂ ಪ್ರಯೋಜನ ಕಡಿಮೆ. ಬಾಗಿಲಲ್ಲೇ ಗುಂಪು ಅಡ್ಡಗಟ್ಟಿರುವಾಗ ಮನೆಯನ್ನು ಬದಲಿಸಿದರೆ ಗುಂಪೂ ಅಲ್ಲಿಗೇ ಬರುತ್ತದೆ. ನಕಲಿ ಖಾತೆಗಳನ್ನು ಗುರುತಿಸುವುದು, ಒಬ್ಬರು ಎಷ್ಟು ಬಾರಿ ಕೋರಬಹುದೆಂಬ ಮಿತಿ ಹಾಕುವುದು ಇಲ್ಲಿ ಬೇಕಾದ ಕ್ರಮಗಳು.

ಕಲಬುರಗಿ ಸೀಮೆ

ಕಲಬುರಗಿ ನಗರಕ್ಕೆ ಹೊಂದಿಕೊಂಡ ಕುಸನೂರ, ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಕಮಲಾಪುರ ಇಂಥೆಡೆಗಳಲ್ಲಿ ಭೂದಾಖಲೆ ಮತ್ತೆ ಮತ್ತೆ ಕೈಬದಲಾಗುತ್ತದೆ. ನಗರದಂಚಿನಲ್ಲಿ ಹೊಲ ನಿವೇಶನವಾಗುವಾಗ ಪಹಣಿ, ಭೂಪರಿವರ್ತನೆ ಆದೇಶ, ಕ್ರಯಪತ್ರ, ನಗರದ ಖಾತೆ ಇವೆಲ್ಲ ಬೇರೆ ಬೇರೆ ಕಚೇರಿಗಳ ಬೇರೆ ಬೇರೆ ತಂತ್ರಾಂಶಗಳಲ್ಲಿ ಹುಟ್ಟುತ್ತವೆ. ತಾಲ್ಲೂಕು ಒಡೆದಾಗ ದಾಖಲೆಯ ಕೋಣೆಯೂ ಒಡೆಯುತ್ತದೆ. ಒಂದೇ ಜಮೀನಿನ ವಿವರ ಹೀಗೆ ಹರಡಿಕೊಂಡಾಗ, ಒಂದು ವ್ಯವಸ್ಥೆ ನಿನ್ನೆಯ ಪ್ರತಿಯಿಂದಲೂ ಇನ್ನೊಂದು ಇಂದಿನ ಪ್ರತಿಯಿಂದಲೂ ಎದ್ದರೆ ಎರಡೂ ಹೊಂದುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ಭೀಮಾ ಮತ್ತು ಕಾಗಿಣಾ ನದಿಗಳು ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳು ಜಲಾವೃತವಾದವು. ನೆರೆ ಇಳಿದ ಮೇಲೆ ಬೆಳೆಹಾನಿಯ ಪರಿಹಾರ ದೊರೆಯುವುದು ಪಹಣಿಯ ಆಧಾರದಲ್ಲಿ. ಕಂದಾಯ ಇಲಾಖೆಯ 'ಪರಿಹಾರ' ತಂತ್ರಾಂಶದಲ್ಲಿ ರೈತನ ಜಮೀನು, ಬೆಳೆ, ಆಧಾರ್ ವಿವರ ಸೇರಿ ಹಣ ನೇರ ಖಾತೆಗೆ ಹೋಗುತ್ತದೆ. ಮನೆಯಲ್ಲಿದ್ದ ಕಾಗದ ನೀರುಪಾಲಾದ ದಿನವೇ ದೂರದ ಪ್ರತಿ ಬೇಕಾಗುವುದು. ಆ ದಿನ ಅದು ತೆರೆಯದಿದ್ದರೆ ಪರಿಹಾರ ತಡವಾಗುತ್ತದೆ. ತೀರ ಸಡಿಲವಾಗಿ ತೆರೆದಿದ್ದರೆ ಪರಿಹಾರದ ಹಣ ಬೇರೊಬ್ಬರ ಪಾಲಾಗುತ್ತದೆ.

ಪಹಣಿಯೇ ಸಾಕಷ್ಟು ಖಾಸಗಿ ಸಂಗತಿಗಳನ್ನು ಹೇಳುವ ಕಾಗದ. ಸರ್ವೆ ನಂಬರ್ ಗೊತ್ತಿದ್ದವರು ಯಾರಾದರೂ ಆನ್‌ಲೈನಿನಲ್ಲಿ ಅದನ್ನು ನೋಡಿ ಮಾಲೀಕರು ಯಾರು, ಜಮೀನು ಹೇಗೆ ಬಂತು, ಯಾವ ಬ್ಯಾಂಕಿನ ಸಾಲವಿದೆ ಎಂಬುದನ್ನು ತಿಳಿಯಬಹುದು. 2024ರಿಂದ ಗ್ರಾಮ ಆಡಳಿತಾಧಿಕಾರಿಗಳು ಪಹಣಿಯೊಂದಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಕೈಗೊಂಡರು. ಮೃತರ ಹೆಸರಿನಲ್ಲಿ ಉಳಿದ ಜಮೀನುಗಳನ್ನು ಪತ್ತೆ ಹಚ್ಚಲು, ನಕಲಿ ವ್ಯಕ್ತಿಗಳ ಮಾರಾಟವನ್ನು ತಡೆಯಲು ಅದು ಉಪಯುಕ್ತ. ಜೊತೆಗೆ ಆ ದತ್ತಾಂಶದ ಪ್ರತಿಯೊಂದು ನಕಲೂ ಮೊದಲಿಗಿಂತ ಬೆಲೆಯುಳ್ಳದ್ದಾಯಿತು.

ಕಾನೂನು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್‌ಗಳನ್ನು ಉಳಿಸಿಕೊಳ್ಳಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಗೂಢಲಿಪೀಕರಣ, ಮರೆಮಾಚುವಿಕೆ, ಪ್ರವೇಶ ನಿಯಂತ್ರಣಗಳ ಜೊತೆಗೆ ದತ್ತಾಂಶದ ಬ್ಯಾಕಪ್ ಅನ್ನೂ ಭದ್ರತಾ ಕ್ರಮವೆಂದೇ ನಿಯಮಗಳು ಹೆಸರಿಸುತ್ತವೆ. ದತ್ತಾಂಶವನ್ನು ಕ್ಲೌಡ್ ಕಂಪನಿಗೆ ವಹಿಸಿದರೂ ಹೊಣೆ ವಹಿಸಿದವರದೇ. ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸಬೇಕೆಂಬ ವಿಧಿ ಹಾಗೂ ಅಳಿಸಲಾಗದ ಬ್ಯಾಕಪ್ ಪ್ರತಿ ಇವೆರಡರ ನಡುವೆ ತಿಕ್ಕಾಟವಿದೆ. ಪ್ರತಿಗಳಿಗೆ ಗೊತ್ತಾದ ಆಯುಸ್ಸನ್ನು ಬರೆದಿಟ್ಟು, ಅವಧಿ ಮುಗಿದಂತೆ ಅವು ತಾವಾಗಿ ಅಳಿಯುವಂತೆ ಮಾಡುವುದು ಇದಕ್ಕೆ ರೂಢಿಯ ಉತ್ತರ. ಸರ್ಕಾರ ತಾನು ಅಧಿಸೂಚಿಸಿದ ಕೆಲವು ಸಂಸ್ಥೆಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡಬಹುದೆಂಬ ಅವಕಾಶ ಟೀಕೆಗೆ ಗುರಿಯಾಗಿದೆ. ನಾಗರಿಕರ ಅತಿ ಹೆಚ್ಚು ದತ್ತಾಂಶ ಇರುವುದು ಸರ್ಕಾರದ ಬಳಿಯೇ ಆದ್ದರಿಂದ ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ.

ಭೂ ಸುರಕ್ಷಾ ಯೋಜನೆ

ತಹಶೀಲ್ದಾರ್ ಕಚೇರಿಗಳ ದಾಖಲೆ ಕೋಣೆಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುವ ಭೂ ಸುರಕ್ಷಾ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಬಳಿಕ ಉಳಿದ ತಾಲ್ಲೂಕುಗಳಿಗೆ ವಿಸ್ತರಿಸಿತು. ಹಾಳೆ ಕಳೆಯುವುದು, ನಡುವೆ ಬೇರೆ ಹಾಳೆ ಸೇರುವುದು, ಕಡತವೇ ಕಾಣೆಯಾಗುವುದು ಇವುಗಳನ್ನು ತಡೆಯುವುದು ಇದರ ಗುರಿ. ಕಲಬುರಗಿ ಸೀಮೆಯ ಉರ್ದು ಕಡತಗಳ ವಿಷಯದಲ್ಲಿ ಸ್ಕ್ಯಾನ್ ಮಾಡಿದ ಚಿತ್ರ ಉಳಿದರಷ್ಟೇ ಸಾಲದು. ಆ ಚಿತ್ರ ಯಾವ ಊರಿನ ಯಾವ ಸರ್ವೆ ನಂಬರಿಗೆ ಸೇರಿದ್ದೆಂದು ಓದಿ ಸೂಚಿ ಬರೆಯುವವರು ಬೇಕು. ಸೂಚಿಯಲ್ಲಿ ತಪ್ಪಿದ ಪುಟ ಕ್ಲೌಡ್‌ನಲ್ಲಿ ಸುರಕ್ಷಿತವಾಗಿದ್ದರೂ ಹುಡುಕಿದವರಿಗೆ ಸಿಗುವುದಿಲ್ಲ.